ಕಿರುಕುಳ ಸುಂಕ: ಹಿತ್ತಲ ಬುಟ್ಟಿಯ ಹಳೆಯ ಕತೆ

'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ' ಎಂಬ ಗಾದೆ ಕೇಳದವರು ಕಡಿಮೆ. ಹೇಳಿದರೂ ಪ್ರಯೋಜನವಿಲ್ಲದವರ ಹತ್ತಿರ ಕಷ್ಟ ತೋಡಿಕೊಳ್ಳಬೇಡ ಎನ್ನುವುದಕ್ಕೆ ಇದನ್ನು ಬಳಸುತ್ತೇವೆ. ಈ ಗಾದೆ ಅರಮನೆಯ ಮಾತಂತೂ ಅಲ್ಲ. ತಲೆಯ ಮೇಲೆ ಹೊರೆ ಹೊತ್ತು ಸಂತೆಗೆ ಹೊರಟು, ದಾರಿಯಲ್ಲಿ ಯಾರೋ ಕೈ ಅಡ್ಡ ಹಿಡಿದಾಗ ನಿಂತವರ ಮಾತು.

ಇವತ್ತು ನಾವು ಬರೆಯುತ್ತಿರುವುದು ಆ ಹೊರೆಯ ಬಗ್ಗೆ. ದೊಡ್ಡ ಹೊಲದ ತರಕಾರಿ ಅಲ್ಲ, ಲಾರಿಯಲ್ಲಿ ಹೋಗುವ ಟೊಮೆಟೊ ಅಲ್ಲ. ಮನೆಯ ಹಿಂದೆ ಬಚ್ಚಲ ನೀರು ಹರಿಯುವ ಕಡೆ ಬೆಳೆದ ಬಸಳೆ, ಬೇಲಿಗೆ ಹಬ್ಬಿದ ಅಲಸಂದೆ, ಚಪ್ಪರದ ಹೀರೆ, ಗೊಬ್ಬರದ ಗುಂಡಿ ಪಕ್ಕ ತಾನಾಗಿ ಹುಟ್ಟಿದ ಕುಂಬಳ, ಮನೆಯವರು ತಿಂದು ಉಳಿದದ್ದು.

ಹಿತ್ತಲ ತರಕಾರಿಯ ಗುಣ ನಿಮಗೆಲ್ಲ ಗೊತ್ತು. ಬರುವಾಗ ಒಟ್ಟಿಗೇ ಬರುತ್ತದೆ. ಹೀರೇಕಾಯಿ ಬಿಡಲು ಶುರುವಾದರೆ ದಿನಾ ಹೀರೇಕಾಯಿ ಪಲ್ಯ, ಹೀರೇಸಿಪ್ಪೆ ಚಟ್ನಿ. ಮೂರನೇ ದಿನ ಮಕ್ಕಳು ಮುಖ ತಿರುಗಿಸುತ್ತಾರೆ. ನೆರೆಮನೆಗೆ ನಾಲ್ಕು ಕೊಟ್ಟು ಬರೋಣ ಎಂದರೆ ಅವರ ಚಪ್ಪರದಲ್ಲೂ ಅದೇ. ಕೊಯ್ಯದೆ ಬಿಟ್ಟರೆ ಬಲಿತು ನಾರಾಗುತ್ತದೆ, ಬಳ್ಳಿಯೂ ಮುಂದೆ ಹೂ ಬಿಡುವುದು ನಿಲ್ಲಿಸುತ್ತದೆ. ಹಾಗಾಗಿ ಹೆಚ್ಚಾದದ್ದನ್ನು ಬೆಳೆಯದವರ ಹತ್ತಿರ ಒಯ್ಯಲೇಬೇಕು. ಬೆಳೆಯದವರು ಇರುವುದು ಪೇಟೆಯಲ್ಲಿ. ನೆರೆಮನೆಯವರಿಂದ ನಾಲ್ಕು ಸೊಪ್ಪಿಗೆ ಕಾಸು ಕೇಳುವುದು ನಮ್ಮ ಹಳ್ಳಿಗಳಲ್ಲಿ ನಾಚಿಕೆಯ ವಿಷಯ, ಪೇಟೆಯವರಿಂದ ಕೇಳುವುದು ವ್ಯಾಪಾರ.

ಹಿತ್ತಲಿಗೂ ಪೇಟೆಗೂ ನಡುವೆ ಮಾತ್ರ ಒಬ್ಬ ಸುಂಕದವನು ಎಂದಿನಿಂದಲೂ ಇದ್ದಾನೆ.

ಕಲ್ಲಿನ ಮೇಲಿನ ಸುಂಕ

ಚಾಲುಕ್ಯರ, ಹೊಯ್ಸಳರ ಕಾಲದ ಕಲ್ಬರಹಗಳನ್ನು ಓದಿದವರಿಗೆ ಸುಂಕದ ಹೆಸರುಗಳ ದೊಡ್ಡ ಪಟ್ಟಿಯೇ ಸಿಗುತ್ತದೆ. ದೊಡ್ಡ ಸರಕಿನ ಮೇಲಿನದು ಪೆರ್ಜುಂಕ, ಮುಂದೆ ಅದೇ ಹೆಜ್ಜುಂಕ ಆಯಿತು. 'ಹಿರಿದು ಸುಂಕ' ಎಂದು ಅರ್ಥ. ಅದರ ಜೊತೆಯಲ್ಲೇ ಬರುವ ಇನ್ನೊಂದು ಪದ ಕಿರುಕುಳ. ಇವತ್ತು ಪೊಲೀಸ್ ಠಾಣೆಯ ದೂರಿನಲ್ಲಿ ನಾವು ಬರೆಯುವ ಪದ ಅದೇ. ಆಗ ಅದರ ಅರ್ಥ ಚಿಲ್ಲರೆ ಸಾಮಾನುಗಳ ಮೇಲಿನ ಸಣ್ಣಪುಟ್ಟ ಸುಂಕ. ಸಣ್ಣ ಸುಂಕದ ಹೆಸರು ಜನರ ಬಾಯಲ್ಲಿ ಪೀಡೆಯ ಹೆಸರಾಗಿ ಉಳಿದುಕೊಂಡಿದೆ. ಇದರ ಮೇಲೆ ನಾವು ಹೆಚ್ಚು ವಿವರಣೆ ಕೊಡಬೇಕಾಗಿಲ್ಲ.

ಸುಂಕವನ್ನು ಎಣಿಸುತ್ತಿದ್ದದ್ದು ಸರಕಿನ ಬೆಲೆ ನೋಡಿ ಅಲ್ಲ, ಹೊರೆ ನೋಡಿ. ಬಂಡಿಗೆ ಇಷ್ಟು, ಎತ್ತಿನ ಹೇರಿಗೆ ಇಷ್ಟು, ತಲೆಹೊರೆಗೆ ಇಷ್ಟು. ಲೆಕ್ಕ ಸುಲಭ. ನಿಲ್ಲಿಸುವವನು ಕಣ್ಣಲ್ಲಿ ನೋಡಿದರೆ ಸಾಕು. ಈ ಸುಲಭದ ಲೆಕ್ಕ ಮುಂದೆ ಎಲ್ಲಿಗೆ ಬಂತು ಎಂಬುದನ್ನು ಆಮೇಲೆ ಹೇಳುತ್ತೇವೆ.

ಸುಂಕ ವಸೂಲಿ ಒಂದು ಉದ್ಯೋಗವಾಗಿತ್ತು. 12ನೇ ಶತಮಾನದ ವಚನಕಾರರ ಸಾಲಿನಲ್ಲಿ ಸುಂಕದ ಬಂಕಣ್ಣ ಎಂಬ ಶರಣನಿದ್ದಾನೆ. ಹೆಸರಿನ ಮುಂದಿರುವುದು ಆತನ ಕಾಯಕ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಇದೆ, ಬೇರೆ ಜಿಲ್ಲೆಗಳಲ್ಲೂ ಇದೇ ಹೆಸರಿನ ಜಾಗಗಳಿವೆ. ಬಸ್ಸಿನಲ್ಲಿ ಕಂಡಕ್ಟರ್ ಕೂಗುವಾಗ ನಾವು ಅರ್ಥ ಯೋಚಿಸುವುದಿಲ್ಲ. ಸಂತೆಯ ಹೆಸರಿನ ಊರುಗಳಂತೂ ಲೆಕ್ಕವಿಲ್ಲ. ಕೊಡಗಿನ ಶನಿವಾರಸಂತೆ, ಚನ್ನಗಿರಿಯ ಸಂತೆಬೆನ್ನೂರು, ಯಳಂದೂರಿನ ಹತ್ತಿರದ ಸಂತೆಮರಹಳ್ಳಿ. ಸಂತೆ ಕೂಡುವ ಜಾಗ ಮೊದಲು, ಊರು ಆಮೇಲೆ.

ವಿಜಯನಗರದ ಕಾಲಕ್ಕೆ ಬಂದರೆ ಇಬ್ಬರು ಪೋರ್ಚುಗೀಸರ ಬರಹ ನಮ್ಮ ಕೈಗೆ ಸಿಗುತ್ತದೆ. ಸುಮಾರು 1520ರ ಹೊತ್ತಿಗೆ ಹಂಪಿಗೆ ಬಂದಿದ್ದ ಡೊಮಿಂಗೊ ಪಾಯಸ್, ಅಲ್ಲಿನ ಪೇಟೆಗೆ ದಿನಾ ಬರುತ್ತಿದ್ದ ನಿಂಬೆ, ಕಿತ್ತಳೆ, ಬದನೆ ಮತ್ತು ತೋಟದ ತರಕಾರಿಯ ಹೊರೆಗಳನ್ನು ನೋಡಿ ಬೆರಗಾಗಿ ಬರೆದಿದ್ದಾನೆ. ಅವನ ನಂತರ ಬಂದ ಕುದುರೆ ವ್ಯಾಪಾರಿ ನುನಿಜ್ ಬರೆದದ್ದು ಬೇರೆ ವಿಷಯ. ರಾಜಧಾನಿಯ ಒಂದು ಹೆಬ್ಬಾಗಿಲಿನ ಸುಂಕವನ್ನು ವರ್ಷಕ್ಕೆ 12 ಸಾವಿರ ವರಾಹಕ್ಕೆ ಗುತ್ತಿಗೆ ಕೊಡುತ್ತಿದ್ದರು, ಗುತ್ತಿಗೆ ಹಿಡಿದವರು ಕೇಳಿದಷ್ಟು ಕೊಡದೆ ಸ್ಥಳೀಯರಾಗಲಿ ಪರದೇಶಿಯಾಗಲಿ ಒಳಗೆ ಹೋಗುವಂತಿರಲಿಲ್ಲ, ಪಟ್ಟಣಕ್ಕೆ ಬೇಕಾದ ಎಲ್ಲ ಸಾಮಾನೂ ಹೊರಗಿನಿಂದಲೇ ಬರಬೇಕಿತ್ತು ಎನ್ನುತ್ತಾನೆ.

ಎರಡನ್ನೂ ಒಟ್ಟಿಗೆ ಇಟ್ಟು ಓದಬೇಕು. ಪಾಯಸ್ ಕಂಡ ಬದನೆಯ ಹೊರೆಗಳೂ ನುನಿಜ್ ಹೇಳುವಂಥ ಬಾಗಿಲುಗಳನ್ನು ದಾಟಿಯೇ ಪೇಟೆಗೆ ಬರಬೇಕಿತ್ತು. 12 ಸಾವಿರ ವರಾಹ ಮುಂಗಡ ಒಪ್ಪಿಕೊಂಡವನು ತನ್ನ ಗಂಟು ಹಾಕಿ ಸುಮ್ಮನೆ ಕೂರುವುದಿಲ್ಲ. ಅದರ ಮೇಲೆ ಲಾಭ ಬೇಕು. ಹಂಪಿಯ ಕಲ್ಲಿನ ರಥ ನೋಡಲು ಹೋದಾಗ ಆ ಬಾಗಿಲುಗಳ ಹತ್ತಿರವೂ ಒಂದು ನಿಮಿಷ ನಿಂತು ಬನ್ನಿ.

ಲೆಕ್ಕಕ್ಕೆ ಬಾರದ ತೋಟ

ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳ ಬೇಸಾಯ ನೋಡಿ ಬರೆಯಲು ಕಳಿಸಿತು. ಅವನ ಪುಸ್ತಕ 1807ರಲ್ಲಿ ಮೂರು ಸಂಪುಟಗಳಲ್ಲಿ ಬಂತು. ಅದರಲ್ಲಿ ಈ ಸೀಮೆಯ ತೋಟಗಳನ್ನು ನಾಲ್ಕು ಬಗೆ ಮಾಡುತ್ತಾನೆ: ತರಕಾರಿ ತೋಟ, ತೆಂಗಿನ ತೋಟ, ಎಲೆ ತೋಟ, ಹೂವಿನ ತೋಟ. ನಾಲ್ಕೂ ಕಂದಾಯ ಕೊಡುವ ತೋಟಗಳೇ.

ಹಿತ್ತಲು ಈ ನಾಲ್ಕರಲ್ಲಿ ಇಲ್ಲ. ಅದು ಬುಕನನ್ ಒಬ್ಬನ ತಪ್ಪಲ್ಲ. ಅವನಿಗಿಂತ ಮೊದಲಿನ ಶಾನುಭೋಗರೂ ಹಿತ್ತಲನ್ನು ಹೊಲದ ಹಾಗೆ ಕಂಡವರಲ್ಲ. ಇವತ್ತಿನ ಪಹಣಿಯಲ್ಲಿ ಭತ್ತ, ಅಡಿಕೆ, ತೆಂಗು ಎಂದು ಬರೆಯುತ್ತಾರೆ. ನಿಮ್ಮ ಅಮ್ಮ ನೆಟ್ಟ ನಾಲ್ಕು ಬೆಂಡೆ ಸಾಲು ಯಾವ ಕಾಲಂನಲ್ಲೂ ಬರುವುದಿಲ್ಲ. ಹಿತ್ತಲು ಕಾಗದದ ಮೇಲೆ ಇರುವುದೇ ಇಲ್ಲ, ಅದರ ಬುಟ್ಟಿ ಮಾತ್ರ ಸಂತೆಯ ಬಾಗಿಲಲ್ಲಿ ತಪ್ಪದೆ ಕಣ್ಣಿಗೆ ಬೀಳುತ್ತದೆ.

ಆದರೆ ಹೊಸ ಬೆಳೆಗಳು ನಮ್ಮ ಅಡಿಗೆಮನೆಗೆ ಬಂದ ದಾರಿಯಲ್ಲಿ ಹಿತ್ತಲಿಗೆ ದೊಡ್ಡ ಪಾಲಿದೆ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಇವೆಲ್ಲ ಅಮೆರಿಕ ಖಂಡದವು, ಯುರೋಪಿನವರ ಹಡಗಿನಲ್ಲಿ ಬಂದವು. ಸೀಮೆಬದನೆಯನ್ನು ಲಾಲ್‌ಬಾಗಿನ ಮುಖ್ಯಸ್ಥರಾಗಿದ್ದ ಜಾನ್ ಕ್ಯಾಮೆರಾನ್ ಕಾಲದಲ್ಲಿ ಬೆಂಗಳೂರಿಗೆ ತಂದರು. 'ಸೀಮೆ' ಎಂದರೆ ಹೊರಗಿನದು. ತಮಿಳರು ಅದನ್ನು ಇವತ್ತಿಗೂ ಬೆಂಗಳೂರು ಕತ್ತರಿಕ್ಕಾಯ್ ಎನ್ನುತ್ತಾರೆ. ಸರ್ಕಾರಿ ತೋಟದಿಂದ ಹಳ್ಳಿಯ ಬೇಲಿಗೆ ಅದು ಬಂದದ್ದು ಯಾವ ಯೋಜನೆಯಿಂದಲೂ ಅಲ್ಲ. ತವರಿಗೆ ಹೋದವಳು ಒಂದು ಮೊಳಕೆ ಬಂದ ಕಾಯಿ ಸೆರಗಿನಲ್ಲಿ ಕಟ್ಟಿಕೊಂಡು ಬಂದರೆ ಊರಿಗೇ ಬಳ್ಳಿ ಆಗುತ್ತದೆ.

ಬ್ರಿಟಿಷರ ಆಳ್ವಿಕೆಯಲ್ಲಿ ಸುಂಕದ ಕಾಟ ಸ್ವಲ್ಪ ಸಡಿಲವಾಯಿತು ಎಂಬುದನ್ನು ಹೇಳಲೇಬೇಕು. ಮೈಸೂರು ಸೀಮೆಯಲ್ಲಿ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ 769 ಸಣ್ಣಪುಟ್ಟ ತೆರಿಗೆಗಳನ್ನು ತೆಗೆದುಹಾಕಿದರು. 769! ಮದುವೆಗೂ ಮಗು ಹುಟ್ಟಿದ್ದಕ್ಕೂ ತೆರಿಗೆ ಇದ್ದ ಕಾಲ ಅದು. ನಮ್ಮ ಕರಾವಳಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿ ದಾರಿಸುಂಕ 1844ರಲ್ಲಿ ರದ್ದಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ದಾರಿಯ ಸುಂಕ ಹೋಯಿತು, ಆದರೆ ಪುರಸಭೆಗಳು ಬಂದವು. ಪುರಸಭೆಗಳ ಜೊತೆ ಪೇಟೆಯ ಗಡಿಯಲ್ಲಿ ಜಕಾತಿ ನಾಕಾ ಬಂತು, ಮಾರ್ಕೆಟ್ ಕಟ್ಟಡ ಬಂತು, ಕೂರುವ ನೆಲಕ್ಕೆ ಬಾಡಿಗೆ ಬಂತು.

ಅಂಕೋಲೆಯ ದಾರಿ

ಹಿತ್ತಲ ವ್ಯಾಪಾರವನ್ನು ಕಣ್ಣಾರೆ ನೋಡಬೇಕಾದರೆ ನಮ್ಮ ಜಿಲ್ಲೆಯ ಅಂಕೋಲಾ, ಕುಮಟಾ, ಗೋಕರ್ಣದ ಪೇಟೆಗೆ ಬೆಳಿಗ್ಗೆ ಬನ್ನಿ. ಹಾಲಕ್ಕಿ ಒಕ್ಕಲ ಹೆಂಗಸರು, ಕೊರಳ ತುಂಬ ಮಣಿಸರ, ಹೆಗಲಿಗೆ ಸುತ್ತಿ ಉಟ್ಟ ಸೀರೆ, ಮುಂದೆ ಬುಟ್ಟಿ, ಸಾಲಾಗಿ ಕೂತಿರುತ್ತಾರೆ. ಹರಿವೆ, ಬಸಳೆ, ಮೊಗೆಕಾಯಿ, ಪಡವಲ, ಮೂಲಂಗಿ, ಅಲಸಂದೆ, ಕೆಸುವಿನ ಗಡ್ಡೆ, ಬಾಳೆ ಎಲೆ, ಮಧ್ಯೆ ನಾಲ್ಕು ಮಾರು ಅಬ್ಬಲಿಗೆ. ಪದ್ಮಶ್ರೀ ಪಡೆದ ತುಳಸಿ ಗೌಡರು, ಸುಕ್ರಿ ಬೊಮ್ಮಗೌಡರು ಇದೇ ಅಂಕೋಲಾ ತಾಲೂಕಿನ, ಇದೇ ಸಮುದಾಯದವರು. ಅವರಿಂದಾಗಿ ಹಾಲಕ್ಕಿಗಳ ಹೆಸರು ದೆಹಲಿಗೆ ತಲುಪಿತು. ಅದಕ್ಕೆ ಎಷ್ಟೋ ಮೊದಲೇ ಅಂಕೋಲೆಯ ಅಡಿಗೆಮನೆಗಳಿಗೆ ಹಾಲಕ್ಕಿ ತರಕಾರಿ ತಲುಪುತ್ತಿತ್ತು.

ಈ ವ್ಯಾಪಾರ ಬೆಳೆದದ್ದಕ್ಕೆ ಭೂಮಿಯ ಕಾರಣವೂ ಇದೆ. 19ನೇ ಶತಮಾನದ ನಡುವೆ ಸರ್ಕಾರ ಬೆಟ್ಟದ ಕುಮರಿ ಬೇಸಾಯಕ್ಕೆ ತಡೆ ಹಾಕಿತು. ಕಾಡು ಸರ್ಕಾರದ್ದಾಯಿತು. ಕೆಳಗಿನ ಗದ್ದೆಗಳು ಒಡೆಯರ ಕೈಯಲ್ಲಿದ್ದವು. ಹಾಲಕ್ಕಿಗಳೂ ಕರಾವಳಿಯ ಬೇರೆ ಬಡವರೂ ಗೇಣಿದಾರರು. ಭತ್ತ ಬೆಳೆದರೆ ಗೇಣಿ ಅಳೆದು ಕೊಡಬೇಕು. ಮನೆಯ ಸುತ್ತಲಿನ ಸೊಪ್ಪು ಸದೆಗೆ ಗೇಣಿ ಅಳೆಯುವುದು ಕಷ್ಟ. ದಿನಾ ಕೊಯ್ಯುವ ಬೆಳೆ ಅದು, ಕಣದಲ್ಲಿ ರಾಶಿ ಹಾಕಲು ಆಗುವುದಿಲ್ಲ. ಹಬ್ಬಕ್ಕೆ ಒಡೆಯರ ಮನೆಗೆ ಸೌತೆಕಾಯಿ, ಬಾಳೆಗೊನೆ ಮುಟ್ಟಿಸುವ ರೂಢಿ ಇತ್ತು, ಅದು ಬೇರೆ. ಅದನ್ನು ಬಿಟ್ಟರೆ ಹಿತ್ತಲ ಹೆಚ್ಚುವರಿ ಆ ಮನೆಯದೇ. ಅದರಲ್ಲೂ ಮನೆಯ ಹೆಂಗಸಿನದು. ಉಪ್ಪು, ಒಣಮೀನು, ಚಿಮಣಿ ಎಣ್ಣೆ, ಮಗುವಿನ ಔಷಧಿ ಇವೆಲ್ಲ ಬಂದದ್ದು ಆ ಬುಟ್ಟಿಯಿಂದ. ಗಂಡಸರ ಕೈಗೆ ದುಡ್ಡು ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ಸಾಲದ ಲೆಕ್ಕದೊಂದಿಗೆ.

ಇದೇ ತಾಲೂಕು 1930ರ ಏಪ್ರಿಲ್‌ನಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಇಳಿಯಿತು, ಆಮೇಲೆ ಕರನಿರಾಕರಣೆಯಲ್ಲಿ ಮನೆಮಠ ಕಳೆದುಕೊಂಡಿತು. 1940ರ ದಶಕದಲ್ಲಿ ದಿನಕರ ದೇಸಾಯಿಯವರ ರೈತಕೂಟ ಗೇಣಿದಾರರನ್ನು ಸಂಘಟಿಸಿದ್ದೂ ಇಲ್ಲಿಯೇ. ದೇಸಾಯಿಯವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿದ್ದರು. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿದಾರರಿಗೆ ಭೂಮಿ ಸಿಕ್ಕಿತು. ಪಹಣಿಯಲ್ಲಿ ಹೆಚ್ಚಾಗಿ ಗಂಡಸರ ಹೆಸರೇ ಬಿತ್ತು. ಬುಟ್ಟಿ ಮಾತ್ರ ಹೆಂಗಸರ ತಲೆಯ ಮೇಲೆಯೇ ಉಳಿಯಿತು.

ತಕ್ಕಡಿ ಇಲ್ಲದ ವ್ಯಾಪಾರ ಇವರದು. ಸೊಪ್ಪಾದರೆ ಕಟ್ಟು, ಕಾಯಿಯಾದರೆ ಪಾಲು. ನಾಲ್ಕು ಬದನೆ, ಒಂದು ಹಿಡಿ ಮೆಣಸು ಸೇರಿಸಿ ಮುಂದೆ ಇಟ್ಟರೆ ಅದು ಒಂದು ಪಾಲು. ಬಯಲುಸೀಮೆಯಲ್ಲಿ ಇದನ್ನೇ ಗುಡ್ಡೆ ಎನ್ನುತ್ತಾರೆ. ಗಿರಾಕಿ ಚೌಕಾಸಿ ಮಾಡಿದರೆ ದರ ಇಳಿಯುವುದಿಲ್ಲ, ಪಾಲಿನ ಮೇಲೆ ಇನ್ನೊಂದು ಕಾಯಿ ಬೀಳುತ್ತದೆ. 'ಹೊಳೆಗೆ ಸುರಿದರೂ ಅಳೆದು ಸುರಿ' ಎನ್ನುವವರಿಗೆ ಇದು ಸರಿ ಕಾಣಲಿಕ್ಕಿಲ್ಲ. ಆದರೆ ಇದರಲ್ಲಿ ಒಂದು ಜಾಣತನವಿದೆ. 1957ರ ಏಪ್ರಿಲ್ 1ರಂದು ಆಣೆ ಹೋಗಿ ನಯಾಪೈಸೆ ಬಂತು. ಹದಿನಾರು ಆಣೆಯ ರೂಪಾಯಿ ನೂರು ಪೈಸೆಯಾಯಿತು, ಒಂದಾಣೆಗೆ ಆರೂಕಾಲು ಪೈಸೆ. ಆ ಕಾಲು ಪೈಸೆಯ ನಾಣ್ಯವೇ ಇಲ್ಲ! ಮರುವರ್ಷದಿಂದ ಸೇರು, ಮಣ ಹೋಗಿ ಕಿಲೋ ಬರತೊಡಗಿತು. ಅಂಗಡಿಕಾರರು ಹೊಸ ತೂಕದ ಕಲ್ಲು ಕೊಳ್ಳಬೇಕಾಯಿತು, ವರ್ಷ ವರ್ಷ ಮುದ್ರೆ ಹಾಕಿಸಬೇಕಾಯಿತು. ಪಾಲು ಇಟ್ಟು ಕೂತವರಿಗೆ ಈ ಖರ್ಚು ಬೀಳಲಿಲ್ಲ. ಅವರು ಪಾಲನ್ನು ಸ್ವಲ್ಪ ಹಿಗ್ಗಿಸಿದರು, ಇಲ್ಲವೇ ಕುಗ್ಗಿಸಿದರು, ಅಷ್ಟೇ.

ಗಿರಾಕಿಗಳೂ ಖಾಯಂ. ಇಂಥ ಮನೆಗೆ ಶನಿವಾರ ಕೆಂಪು ಹರಿವೆ ಬೇಕು, ಇಂಥ ಮೇಷ್ಟ್ರ ಮನೆಯಲ್ಲಿ ಹಾಗಲ ತಿನ್ನುವುದಿಲ್ಲ, ಇಂಥವರ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಬಸಳೆ ಬೇಡ ಎಂಬುದೆಲ್ಲ ಮಾರುವವಳ ತಲೆಯಲ್ಲಿರುತ್ತದೆ. ಚಿಲ್ಲರೆ ಇಲ್ಲದಿದ್ದರೆ ನಾಳೆ ಕೊಡಿ ಎನ್ನುತ್ತಾಳೆ. ಈಗ ಬುಟ್ಟಿಯ ಅಂಚಿಗೆ ಕ್ಯುಆರ್ ಕೋಡ್ ಸಿಕ್ಕಿಸಿದವರೂ ಇದ್ದಾರೆ. ಆದರೆ ದುಡ್ಡು ಹೋಗುವುದು ಮಗನ ಖಾತೆಗೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಆ ಮನೆಯ ಹೆಂಗಸರನ್ನೇ ಕೇಳಿ.

ಕುಮಟಾದ ಸಿಹಿ ಈರುಳ್ಳಿಯದು ಇದರ ದೊಡ್ಡ ರೂಪ. ಅಳ್ವೆಕೋಡಿ, ವನ್ನಳ್ಳಿ, ಹಂದಿಗೋಣದ ಕಡೆ ಭತ್ತದ ಕೊಯ್ಲಾದ ಮೇಲೆ ಮರಳು ಮಣ್ಣಿನಲ್ಲಿ ಬೆಳೆಯುವ ಈರುಳ್ಳಿ. ಬೇಸಿಗೆಯಲ್ಲಿ ಎಲೆ ಸಮೇತ ಜಡೆ ಹೆಣೆದು, ಗೊಂಚಲು ಮಾಡಿ ಹೆದ್ದಾರಿ ಬದಿಯಲ್ಲಿ ತೂಗುಹಾಕುತ್ತಾರೆ. ಕಾರಿನವರು ನಿಲ್ಲಿಸಿ ಒಯ್ಯುತ್ತಾರೆ. ಮಂಡಿಯೂ ಇಲ್ಲ, ದಲ್ಲಾಳಿಯೂ ಇಲ್ಲ. ಬೇಕಾದದ್ದು ಕಾರು ನಿಲ್ಲಲು ಹತ್ತು ಅಡಿ ಜಾಗ. ಹೆದ್ದಾರಿ 66 ಚತುಷ್ಪಥವಾದ ಮೇಲೆ ಆ ಹತ್ತು ಅಡಿಯೇ ದುಬಾರಿಯಾಗಿದೆ. ವೇಗದಲ್ಲಿ ಬರುವ ಕಾರಿಗೆ ಗೊಂಚಲು ಕಾಣುವ ಹೊತ್ತಿಗೆ ಅದು ದಾಟಿ ಹೋಗಿರುತ್ತದೆ. ರಸ್ತೆ ಬೇಡ ಎಂದು ನಾವು ಹೇಳುತ್ತಿಲ್ಲ. ನಕ್ಷೆ ಬರೆಯುವವರಿಗೆ ಟೋಲ್ ಗೇಟಿಗೆ ಜಾಗ ನೆನಪಾಗುತ್ತದೆ, ಈರುಳ್ಳಿ ಮಾರುವವರಿಗೆ ನೆನಪಾಗುವುದಿಲ್ಲ ಎನ್ನುತ್ತಿದ್ದೇವೆ.

ಸ್ವಾತಂತ್ರ್ಯದ ನಂತರದ ಸುಂಕ

ಮಾರುಕಟ್ಟೆಯ ಕಾಯ್ದೆಗಳ ಕತೆಯನ್ನು ಬೇಗ ಮುಗಿಸುತ್ತೇವೆ, ಏಕೆಂದರೆ ಅದರಲ್ಲಿ ಹಿತ್ತಲಿಗೆ ಹೆಚ್ಚು ಜಾಗವಿಲ್ಲ. 1939ರಲ್ಲಿ ಮೈಸೂರು ಮತ್ತು ಮುಂಬೈ ಎರಡೂ ಕಡೆ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಬಂದವು. 1966ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಎಪಿಎಂಸಿ ಕಾಯ್ದೆಯಾಯಿತು. ಅದು ದಲ್ಲಾಳಿಗಳ ಸಗಟು ವ್ಯಾಪಾರವನ್ನು ಹಿಡಿತಕ್ಕೆ ತರಲು ಮಾಡಿದ್ದು. ಬುಟ್ಟಿಯಲ್ಲಿ ಸೊಪ್ಪು ತಂದವಳಿಗೆ ಹರಾಜು ಕಟ್ಟೆಯಿಂದ ಆಗಬೇಕಾದದ್ದು ಏನೂ ಇರಲಿಲ್ಲ. 1959ರಲ್ಲಿ ಡಾ. ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಶುರುವಾಯಿತು. ಅದೇ ಬೆಳೆದು ಹಾಪ್‌ಕಾಮ್ಸ್ ಆಯಿತು. ಬೆಳೆದವರಿಗೂ ತಿನ್ನುವವರಿಗೂ ನಡುವಿನ ದೂರ ಕಡಿಮೆ ಮಾಡಿದ ಒಳ್ಳೆಯ ಕೆಲಸ ಅದು. ಆದರೆ ಸಂಘಕ್ಕೆ ಸದಸ್ಯನಾಗಬೇಕು, ತೂಕದಲ್ಲಿ ಮಾಲು ಕೊಡಬೇಕು. ಎಂಟು ಕಟ್ಟು ಬಸಳೆಗೆ ಅಲ್ಲಿ ರಸೀದಿ ಹರಿಯುವುದಿಲ್ಲ.

1979ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಜಕಾತಿಯನ್ನು ರದ್ದು ಮಾಡಿತು. ಊರ ಗಡಿಯ ನಾಕಾಗಳು ಬಾಗಿಲು ಹಾಕಿದವು. ಹಳಬರಿಗೆ ಇನ್ನೂ ನೆನಪಿರಬೇಕು. ಆದರೆ ಸಂತೆಯೊಳಗಿನ ಸುಂಕ ಹೋಗಲಿಲ್ಲ. ಅದಕ್ಕೆ ಸಂತೆ ಕರ, ನೆಲ ಬಾಡಿಗೆ, ಸಂತೆ ಶುಲ್ಕ ಎಂದು ಬೇರೆ ಬೇರೆ ಹೆಸರು. ಸಂತೆ ನಡೆಸುವುದು ಗ್ರಾಮ ಪಂಚಾಯಿತಿ ಅಥವಾ ಪುರಸಭೆ, ಜಾಗ ಗುಡಿಸಬೇಕು, ದೀಪ ಹಾಕಬೇಕು, ನೀರು ಕೊಡಬೇಕು. ಅದಕ್ಕೆ ದುಡ್ಡು ಬೇಕು, ಒಪ್ಪೋಣ. ತಕರಾರು ವಸೂಲಿಯ ರೀತಿಯ ಬಗ್ಗೆ. ಬಹಳ ಕಡೆ ವರ್ಷಕ್ಕೊಮ್ಮೆ ಹರಾಜು ಹಾಕುತ್ತಾರೆ. ಹೆಚ್ಚು ಕೂಗಿದವನಿಗೆ ವಸೂಲಿಯ ಹಕ್ಕು. ನುನಿಜ್ ಹೇಳಿದ ಹಂಪಿಯ ಹೆಬ್ಬಾಗಿಲು ನೆನಪಾಯಿತೇ?

ಹೋದ ಮಳೆಗಾಲದಲ್ಲಿ ಒಂದು ವಾರದ ಸಂತೆಯಲ್ಲಿ ನಾವು ನಿಂತು ನೋಡಿದ್ದನ್ನು ಹೇಳುತ್ತೇವೆ. ಊರಿನ ಹೆಸರು ಬೇಡ. ಮುದುಕಿಯೊಬ್ಬರು ಪ್ಲಾಸ್ಟಿಕ್ ಚೀಲ ಹಾಸಿ ಕೂತಿದ್ದರು. ಎಂಟು ಕಟ್ಟು ಬಸಳೆ, ಐದು ಮೊಗೆಕಾಯಿ, ಸ್ವಲ್ಪ ಹಸಿಮೆಣಸು. ರಸೀದಿ ಪುಸ್ತಕ ಹಿಡಿದ ಹುಡುಗ ಬಂದು ಇಪ್ಪತ್ತು ರೂಪಾಯಿ ಕೇಳಿದ.

"ಅಲ್ಲಾ ತಮಾ, ಪೂರಾ ಮಾರಿದ್ರೂ ಇನ್ನೂರು ಆಗೂದಿಲ್ಲ. ನಿಂಗೇ ಇಪ್ಪತ್ತು ಕೊಟ್ರೆ ನಂಗೆಂತ ಉಳೀತದೆ?"

"ನಾನು ಸಂಬಳಕ್ಕಿರೋದು ಅಜ್ಜಿ. ಗುತ್ತಿಗೆ ಹಿಡಿದವ್ರನ್ನ ಕೇಳಿ."

ಅಜ್ಜಿ ಸೊಂಟದ ಚೀಲ ಬಿಚ್ಚಿ ಎಣಿಸಿ ಕೊಟ್ಟರು. ಆ ಹುಡುಗನ ತಪ್ಪೂ ಇಲ್ಲ, ಅವನಿಗೂ ಸಂಜೆ ಲೆಕ್ಕ ಒಪ್ಪಿಸಬೇಕು. ಪಕ್ಕದಲ್ಲಿ ಟೆಂಪೊದಲ್ಲಿ ಮಾಲು ತಂದಿದ್ದ ವ್ಯಾಪಾರಿಯಿಂದ ಅವನು ತೆಗೆದುಕೊಂಡದ್ದು ಐವತ್ತು.

ಲೆಕ್ಕ ಮಾಡಿ ನೋಡಿ. ಇನ್ನೂರರಲ್ಲಿ ಇಪ್ಪತ್ತು ಎಂದರೆ ನೂರಕ್ಕೆ ಹತ್ತು. ಟೆಂಪೊದವನ ವ್ಯಾಪಾರ ಸಂಜೆಯೊಳಗೆ ಹತ್ತು ಸಾವಿರ ಎಂದಿಟ್ಟುಕೊಂಡರೆ ಅವನು ಕೊಟ್ಟದ್ದು ನೂರಕ್ಕೆ ಅರ್ಧ ರೂಪಾಯಿ. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ. ಬೇಸಾಯದ ಆದಾಯಕ್ಕೆ ಆದಾಯ ತೆರಿಗೆಯೂ ಇಲ್ಲ. ಬಂಗಾರ ಕೊಂಡರೆ ಜಿಎಸ್‌ಟಿ ನೂರಕ್ಕೆ ಮೂರು. ಬಸಳೆ ಮಾರಿದ ಅಜ್ಜಿ ಕೊಟ್ಟದ್ದು ಅದರ ಮೂರು ಪಟ್ಟಿಗಿಂತ ಹೆಚ್ಚು. ತಲೆಹೊರೆಗೆ ಇಷ್ಟು, ಬಂಡಿಗೆ ಇಷ್ಟು ಎಂಬ ಹಳೆಯ ಸುಲಭದ ಲೆಕ್ಕ ಬಂದು ನಿಂತಿರುವುದು ಇಲ್ಲಿ.

ಪಕ್ಕದ ರಾಜ್ಯಗಳಲ್ಲಿ ಬೇರೆ ಪ್ರಯೋಗ ನಡೆದಿದೆ. 1999ರ ಆರಂಭದಲ್ಲಿ ಆಂಧ್ರದಲ್ಲಿ ರೈತು ಬಜಾರ್, ಅದೇ ವರ್ಷದ ನವೆಂಬರ್‌ನಲ್ಲಿ ತಮಿಳುನಾಡಿನ ಮದುರೈಯಲ್ಲಿ ಉಳವರ್ ಸಂತೈ ಶುರುವಾದವು. ತಮಿಳುನಾಡಿನಲ್ಲಿ ಬೆಳೆದವರೇ ಮಾರಬೇಕು, ಕೂರುವ ಕಟ್ಟೆಗೆ ಬಾಡಿಗೆ ಇಲ್ಲ, ತಕ್ಕಡಿಯನ್ನೂ ಕೊಡುತ್ತಾರೆ. 2001ರಲ್ಲಿ ಸರ್ಕಾರ ಬದಲಾದಾಗ ಅವು ಮಂಕಾದವು, 2006ರ ನಂತರ ಮತ್ತೆ ಜೀವ ಪಡೆದವು. ಅಲ್ಲಿಯೂ ಒಂದು ತೊಡಕು ಉಂಟು. ಬೆಳೆದವರು ಎಂದು ತೋರಿಸಲು ಗುರುತಿನ ಚೀಟಿ ಬೇಕು, ಚೀಟಿಗೆ ಜಮೀನಿನ ದಾಖಲೆ ನೋಡುತ್ತಾರೆ. ಇಂಥ ಸಂತೆ ನಮ್ಮಲ್ಲಿಗೆ ಬಂದರೆ ಪಹಣಿಯಲ್ಲಿ ಹೆಸರಿಲ್ಲದ ಹಿತ್ತಲ ಹೆಂಗಸು ಅಲ್ಲಿಯೂ ಬಾಗಿಲಾಚೆ ನಿಲ್ಲಬೇಕಾದೀತು.

ಪಟ್ಟಣಗಳಲ್ಲಿ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇದೆ. ಐದು ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳ ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡಬೇಕು, ಸಮೀಕ್ಷೆಗೆ ಮೊದಲು ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಷ್ಟು ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಓದಲು ಚೆನ್ನಾಗಿದೆ. ಆದರೆ ವಾರಕ್ಕೆ ಎರಡು ದಿನ ಹಳ್ಳಿಯಿಂದ ಬಂದು ಹನ್ನೊಂದು ಗಂಟೆಯೊಳಗೆ ಬುಟ್ಟಿ ಖಾಲಿ ಮಾಡಿ ಬಸ್ ಹತ್ತುವವರು ಸಮೀಕ್ಷೆಯವರ ಕಣ್ಣಿಗೆ ಬೀಳುವುದು ಕಷ್ಟ. 2020ರ ಪಿಎಂ ಸ್ವನಿಧಿ ಯೋಜನೆಯಲ್ಲಿ ಮೊದಲ ಕಂತು 10 ಸಾವಿರ ರೂಪಾಯಿ ಸಾಲವಿತ್ತು. ಪಟ್ಟಣದ ಮಿತಿಯೊಳಗೆ ಬಂದು ಮಾರುವ ಸುತ್ತಲ ಹಳ್ಳಿಯವರನ್ನೂ ಅದರಲ್ಲಿ ಸೇರಿಸಲಾಗಿತ್ತು. ಈ ಸಾಲು ನಮ್ಮ ಹಳ್ಳಿಗಳಲ್ಲಿ ಓದಿದವರು ಕಡಿಮೆ.

2020ರ ಲಾಕ್‌ಡೌನ್ ದಿನಗಳಲ್ಲಿ ಸಂತೆಗಳೇ ನಿಂತವು. ಗುತ್ತಿಗೆದಾರರಿಗೂ ನಷ್ಟ, ಪಂಚಾಯಿತಿಗೂ ನಷ್ಟ. ಬಸಳೆ ಬಳ್ಳಿಗೆ ಮಾತ್ರ ಲಾಕ್‌ಡೌನ್ ಇರಲಿಲ್ಲ. ಪೇಟೆಯ ಖಾಯಂ ಮನೆಯವರು ಫೋನ್ ಮಾಡಿದರು, ಮೊಮ್ಮಕ್ಕಳು ಬೈಕಿನಲ್ಲಿ ಚೀಲ ಮುಟ್ಟಿಸಿ ಬಂದರು. ವಾಟ್ಸ್‌ಆ್ಯಪ್ ಗುಂಪಿನಲ್ಲಿ 'ನಾಳೆ ಹರಿವೆ ಇದೆ, ಯಾರಿಗೆ ಬೇಕು' ಎಂಬ ಸಂದೇಶ ಓಡಾಡಿತು. ಕೆಲವು ಕಡೆ ಆ ಗುಂಪುಗಳು ಇನ್ನೂ ಇವೆ. ಆದರೆ ಎಲ್ಲ ಅಜ್ಜಿಯರಿಗೂ ಬೈಕಿರುವ ಮೊಮ್ಮಗ ಇರುವುದಿಲ್ಲ, ಮೊಮ್ಮಗ ಬೆಂಗಳೂರಿಗೆ ಹೋದ ಮೇಲೆ ಮತ್ತೆ ಸಂತೆಯೇ ಗತಿ.

ಹರಾಜಿನ ವಿಷಯಕ್ಕೆ ವಾಪಸು ಬರುತ್ತೇವೆ. ಸಂತೆ ಕರದ ದರವನ್ನು ಠರಾವು ಮಾಡುವುದು ಗುತ್ತಿಗೆದಾರನಲ್ಲ, ನಿಮ್ಮ ಪಂಚಾಯಿತಿ. ಟೆಂಪೊಗೆ ಎಷ್ಟು, ಅಂಗಡಿಗೆ ಎಷ್ಟು, ಸ್ವಂತ ಹಿತ್ತಲಿನಿಂದ ತಲೆಹೊರೆಯಲ್ಲಿ ತಂದವರಿಗೆ ಎಷ್ಟು, ಅಥವಾ ಅವರಿಗೆ ಏನೂ ಬೇಡವೋ ಎಂದು ಹರಾಜಿಗೆ ಮೊದಲೇ ಬರೆಸಬಹುದು. ದರದ ಹಲಗೆಯನ್ನು ಸಂತೆಯ ಬಾಗಿಲಲ್ಲಿ ಹಾಕಿ ಎಂದು ಕೇಳಬಹುದು. ಹರಾಜಾದ ಮೇಲೆ ಕೇಳಿದರೆ 'ಇನ್ನು ಮುಂದಿನ ವರ್ಷ ನೋಡೋಣ' ಎನ್ನುತ್ತಾರೆ. ಬಹಳ ಕಡೆ ಹೊಸ ಗುತ್ತಿಗೆ ಏಪ್ರಿಲ್‌ನಿಂದ ಶುರುವಾಗುತ್ತದೆ, ಕೂಗು ಅದಕ್ಕಿಂತ ಮೊದಲೇ ಮುಗಿದಿರುತ್ತದೆ. ನಿಮ್ಮ ಊರಿನ ಹರಾಜು ಯಾವ ತಿಂಗಳು ಎಂದು ಪಂಚಾಯಿತಿ ಕಾರ್ಯದರ್ಶಿಯನ್ನು ಕೇಳಿ ತಿಳಿದುಕೊಳ್ಳಿ, ಅದಕ್ಕೆ ಮೊದಲಿನ ಗ್ರಾಮಸಭೆಗೆ ಬುಟ್ಟಿ ಹೊರುವವರನ್ನೇ ಕರೆದುಕೊಂಡು ಹೋಗಿ.